ಸೇತುವೆ ಪಡಾವಿನ ಎಣಿಕೆ

ದೇವದಾರು ಪಡಾವು
6 ಮೇ 2012

ಹನೀಫಾ ಅತ್ತಿಗೆಗೆ ಜೈತೂನಳ ಸಲಾಮು.

ನೀನು ನನ್ನ ಅಣ್ಣನ ಹೆಂಡತಿ, ನಾನು ನಿನ್ನ ಅಣ್ಣನ ಹೆಂಡತಿ. ಹೆಣ್ಣು ಕೊಟ್ಟು ಹೆಣ್ಣು ತಂದ ನಮ್ಮ ಎರಡು ಮನೆಗಳಲ್ಲಿ ಯಾವ ಅತ್ತಿಗೆ ಯಾವ ಅತ್ತಿಗೆಗೆ ತಗ್ಗಬೇಕು ಎನ್ನುವುದು ಆರು ವರ್ಷವಾದರೂ ತೀರ್ಮಾನವಾಗಿಲ್ಲ. ಇವತ್ತು ನಾನೇ ತಗ್ಗುತ್ತೇನೆ, ಖುಷಿಪಡು.

ನಾನು ಬಸುರಿ. ಕೂಗಾಡಬೇಡ, ಪೂರ್ತಿ ಓದು. ಚಳಿಗಾಲದಲ್ಲಿ ನಿಮ್ಮೂರಿಗೆ ಮದುವೆಗೆ ಬಂದಾಗ ಶಾಲು ಹೊದ್ದು ಮೂಲೆಯಲ್ಲಿ ಕೂತಿದ್ದೆನಲ್ಲ, "ಚೆನ್ನಾಗಿ ತುಪ್ಪ ತಿಂದಿದೀಯಾ ಅತ್ತಿಗೆ" ಎಂದು ನೀನು ನಕ್ಕೆ. ಅದು ತುಪ್ಪವಲ್ಲ. ಹೋದ ಸಲ ಮೂರನೇ ತಿಂಗಳಿಗೇ ಊರಿಗೆಲ್ಲ ಹೇಳಿಕೊಂಡು ತಿರುಗಿದೆ, ಕಣ್ಣು ಬಿತ್ತು. ಈ ಸಲ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಈಗ ಮಂದಿ, ಎಮ್ಮೆ ಸಮೇತ ಡೇರೆ ಬೆಟ್ಟ ಹತ್ತುತ್ತಿದೆ, ಹೊಟ್ಟೆ ನನಗಿಂತ ಮುಂದೆ ನಡೆಯುತ್ತಿದೆ. ಇನ್ನೇನು ಮುಚ್ಚಿಡುವುದು?

ಎರಡು ವರ್ಷದ ಹಿಂದೆ ಮಗು ಸತ್ತು ಹುಟ್ಟಿದ್ದು ದಾರಿಯಲ್ಲಿ ರಾತ್ರಿ ತಂಗುವ ಇದೇ ಪಡಾವಿನಲ್ಲಿ. ರಕ್ತ ನಿಲ್ಲದೆ ನಾನೂ ಹೋಗುತ್ತಿದ್ದೆ. ಅವತ್ತು ನಾನು ಮಲಗಿದ್ದ ಕಲ್ಲಿನ ಪಕ್ಕದಲ್ಲೇ ಇವತ್ತು ಒಲೆ ಹೂಡಿ ರೊಟ್ಟಿ ತಟ್ಟಿದೆ. ನನಗೆ ಮೂರು ಮಕ್ಕಳಿದ್ದಾರೆ, ಸಾಯಲು ಇಷ್ಟವಿಲ್ಲ.

ನೀನು ಬರಬೇಕು. ನರ್ಸಮ್ಮನಾಗಿ ಊರವರಿಗೆಲ್ಲ ಹೆರಿಗೆ ಮಾಡಿಸುತ್ತೀಯಲ್ಲ, ನನಗೂ ಮಾಡಿಸು. ಹೋದ ವರ್ಷ ಬೆಟ್ಟ ಇಳಿಯುವಾಗ ಸೇತುವೆ ಪಡಾವಿನಲ್ಲಿ ಕೊನೆಯ ಸಲ ಮುಟ್ಟಾಗಿದ್ದೆ. ತಿಂಗಳು ಎಷ್ಟಾಯಿತು, ದಿನ ಯಾವಾಗ ತುಂಬುತ್ತದೆ, ಎಣಿಸಿ ತಿಳಿಸು. ಎಮ್ಮೆ ಹಾಲು ಒಡೆಸಿ ತಟ್ಟಿದ ಕಲಾಡಿ ಕೊಳ್ಳಲು ಬರುವ ಬೋಧರಾಜನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಉತ್ತರವನ್ನೂ ಅವನೇ ತರುತ್ತಾನೆ.

ನಿನ್ನ ಜೈತೂನ್

•

ಥಲೋಡಿ ಆರೋಗ್ಯ ಉಪಕೇಂದ್ರ
17 ಮೇ 2012

ಜೈತೂನ್ ಅತ್ತಿಗೆ,

ನಿನ್ನನ್ನು ಉಗಿದು ಉಪ್ಪಿನಕಾಯಿ ಹಾಕಬೇಕು ಎನ್ನಿಸಿತು. ಆಮೇಲೆ ಒಬ್ಬಳೇ ಕೂತು ನಕ್ಕೆ. ಆಮೇಲೆ ಸ್ವಲ್ಪ ಅತ್ತೆ. ತುಪ್ಪವಂತೆ ತುಪ್ಪ! ದಿನಕ್ಕೆ ಹತ್ತು ಹೊಟ್ಟೆ ಮುಟ್ಟಿ ನೋಡುವ ನನ್ನ ಕಣ್ಣಿಗೇ ಮಣ್ಣೆರಚಿದ್ದೀಯ.

ಲೆಕ್ಕ ಸುಲಭ. ನಾನೂ ಅದೇ ಡೇರೆಯಲ್ಲಿ ಹುಟ್ಟಿ ಹತ್ತೊಂಬತ್ತು ವರ್ಷ ಅದೇ ದಾರಿ ಇಳಿದವಳು. ಸೇತುವೆ ಪಡಾವಿಗೆ ನಾವು ಬರುವುದು ಸೆಪ್ಟೆಂಬರ್ ಇಪ್ಪತ್ತಕ್ಕೆ, ಒಂದು ದಿನ ಹಿಂದೆ ಮುಂದೆ. ಅಲ್ಲಿ ಒಂದು ರಾತ್ರಿ, ಬೆಳಗಾದರೆ ಹೊರಟೆವು. ಹಾಗಾದರೆ ನಿನಗೆ ದಿನ ತುಂಬುವುದು ಜೂನ್ ಇಪ್ಪತ್ತೇಳಕ್ಕೆ. ನಾನು ಇಪ್ಪತ್ತಕ್ಕೇ ಬೆಟ್ಟದ ಮೇಲೆ ನೀವು ಬೇಸಿಗೆ ಕಳೆಯುವ ಢೋಕ್‌ನಲ್ಲಿರುತ್ತೇನೆ. ನಿನ್ನ ಗಂಡ ಅಲಫ್ ಅಣ್ಣನಿಗೆ ಹೇಳಿ ರಸ್ತೆ ಮುಗಿಯುವಲ್ಲಿಗೆ ಕುದುರೆ ಕಳಿಸು.

ಕೆಂಪು ಮಾತ್ರೆ ಕಳಿಸಿದ್ದೇನೆ, ರಕ್ತಕ್ಕೆ. ಊಟವಾದ ಮೇಲೆ ದಿನಕ್ಕೊಂದು. ಚಹಾದ ಜೊತೆ ನುಂಗಬೇಡ.

ಬೇಬೆಗೆ ನಾನು ಬರುವುದನ್ನು ನೀನೇ ಹೇಳು. ಹೆತ್ತ ತಾಯಿಯೇ ಆದರೂ ನನ್ನ ಹೆಸರೆತ್ತಿದರೆ ಮುಖ ತಿರುಗಿಸುತ್ತಾಳೆ ಎಂದು ಗೊತ್ತು. ಡೇರೆಗೆಲ್ಲ ಸೂಲಗಿತ್ತಿಯಾದ ಅವಳನ್ನು ಹತ್ತು ಹೆಂಗಸರ ಮುಂದೆ "ನಿನ್ನ ಕೈಯೇ ಆ ಮಗುವನ್ನ ಕೊಂದಿದ್ದು" ಎಂದು ನಾನು ಅಂದದ್ದು ತಪ್ಪೇ. ಆದರೆ ಅವತ್ತು ನಿನ್ನ ಬಿಳಿಚಿಕೊಂಡ ಮುಖ ನೋಡಿ ಬಂದಿದ್ದೆ, ಬಾಯಿ ನನ್ನ ಮಾತು ಕೇಳಲಿಲ್ಲ.

ಹನೀಫಾ

•

ಕಾಲಾಪತ್ಥರ್ ಢೋಕ್
3 ಜೂನ್ 2012

ಅತ್ತಿಗೆ,

ತಲುಪಿದೆವು. ಎಮ್ಮೆಗಳು ಹುಲ್ಲು ಕಂಡು ಓಡಿದ ಓಟಕ್ಕೆ ನಾನೂ ಓಡಿಬಿಡುತ್ತಿದ್ದೆನೇನೋ. ನಾನು ನಡೆದೇ ಬಂದೆ, ಆರಾಮಾಗಿದ್ದೇನೆ.

ನೀನು ಬರುತ್ತೀಯ ಎಂದ ಮೇಲೆ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಚೆನ್ನಾಗಿ ನಿದ್ದೆ ಬರುತ್ತಿದೆ. ಬೇಬೆಗೆ ಹೇಳಿದೆ. "ಬರ್ಲಿ, ಸರ್ಕಾರದ ಸೂಜಿ ತರ್ಲಿ, ಕೂತ್ಕೊಳ್ಳೋಕೆ ಕುರ್ಚಿನೂ ಅವಳೇ ತರ್ಲಿ" ಎಂದಳು. ಆದರೂ ಆ ಸಂಜೆಯೇ ನಿನಗೆಂದು ಒಳ್ಳೆಯ ಕಂಬಳಿಯೊಂದನ್ನು ಬಿಸಿಲಿಗೆ ಹಾಕಿದ್ದನ್ನು ನಾನು ನೋಡಿದೆ.

ಜೂನ್ ಇಪ್ಪತ್ತೇಳು ಎಂದದ್ದಕ್ಕೆ ಬಿದ್ದು ಬಿದ್ದು ನಕ್ಕಳು. "ನಮ್ಮ ನೀಲಿ ಎಮ್ಮೆ ಗಬ್ಬ ಆಗಿದ್ದೂ ಅಲ್ಲೇ, ಸೇತುವೆ ಹತ್ರಾನೇ. ನೀಲಿ ಈಯೋಕೆ ಇಪ್ಪತ್ತು ದಿನ ಇರೋವಾಗ ನೀನು ಹೆರ್ತೀಯ. ರಂಜಾನ್ ರೋಜಾ ಶುರುವಾಗೋವರ್ಗೂ ಸುಮ್ನೆ ಮಜ್ಜಿಗೆ ಕಡಿ" ಎನ್ನುತ್ತಾಳೆ. ಪಾಪ, ವಯಸ್ಸಾಯಿತು, ಎಮ್ಮೆ ಹಿಡಿದು ಮನುಷ್ಯರನ್ನು ಎಣಿಸುತ್ತಾಳೆ. ನೀನು ಓದಿದವಳು, ನಿನ್ನ ಲೆಕ್ಕವೇ ನನಗೆ ಲೆಕ್ಕ.

ಇಪ್ಪತ್ತನೇ ತಾರೀಖು ಕುದುರೆ ಬಂದಿರುತ್ತದೆ. ಬರುವಾಗ ಮಕ್ಕಳಿಗೆ ಒಂದಿಷ್ಟು ಬಿಸ್ಕತ್ತು ತಾ.

ಜೈತೂನ್

•

ಥಲೋಡಿ
12 ಜೂನ್ 2012

ಜೈತೂನ್,

ನಾನು ಬರಲಾಗುವುದಿಲ್ಲ. ರಜೆ ಸಿಗಲಿಲ್ಲ.

ಬೋಧರಾಜನ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ಹೊಸ ಬ್ಲೇಡು, ದಾರ, ಸೋಪು, ಪ್ಲಾಸ್ಟಿಕ್ ಹಾಸು. ಬೆಂಕಿಪೊಟ್ಟಣದಲ್ಲಿ ಮೂರು ಮಾತ್ರೆ ಇವೆ, ರಕ್ತ ಹೋಗುವುದನ್ನು ತಡೆಯಲು. ಅವನ್ನು ಹೇಗೆ ಕೊಡಬೇಕು ಎಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಹೆರಿಗೆಗೆ ಮುಂಚೆ ಸತ್ತರೂ ನುಂಗಬೇಡ. ಚೀಟಿಯನ್ನು ಬೇಬೆಗೆ ಈಗಲೇ ಓದಿ ಹೇಳು. ಈಗಲೇ.

ಹೆಚ್ಚು ಬರೆಯಲಾರೆ.

ಹನೀಫಾ

•

ಕಾಲಾಪತ್ಥರ್ ಢೋಕ್
24 ಜೂನ್ 2012

ಹನೀಫಾ ಮೇಡಂ ಅವರಿಗೆ,

ನಿಮ್ಮ ಕಾಗದ ತಲುಪುವ ಮೊದಲೇ ಕುದುರೆ ಹೋಗಿತ್ತು. ನಿಮ್ಮ ಅಣ್ಣ ರಸ್ತೆಯ ಕೊನೆಯಲ್ಲಿ ಎರಡು ದಿನ ಕಾದು, ಖಾಲಿ ಕುದುರೆ ಹೊಡೆದುಕೊಂಡು ವಾಪಸ್ ಬಂದರು. ಬೇಬೆ ಕಂಬಳಿ ಮಡಿಸಿ ಒಳಗಿಟ್ಟಳು. ಅವಳು ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ರಜೆ ಸಿಗಲಿಲ್ಲವಂತೆ. ಮಾವನ ಮನೆಯ ಕೋಣ ಸತ್ತರೂ ರಜೆ ಹಾಕುತ್ತಿದ್ದವಳು ನೀನು. ಪಕ್ಕಾ ಮನೆ, ಫ್ಯಾನಿನ ಗಾಳಿ, ಬಿಳಿ ಕೋಟು. ಸಗಣಿಯಲ್ಲಿ ಕಾಲಿಡಲು ಈಗ ಹೇಸಿಗೆ ಎಂದು ನೇರವಾಗಿ ಹೇಳಬಹುದಿತ್ತು. ಹಾಳೆಯ ಮುಕ್ಕಾಲು ಭಾಗ ಖಾಲಿ ಬಿಟ್ಟಿದ್ದೀಯ, ಅದರಲ್ಲಿ "ಹೇಗಿದೀಯ" ಎಂದು ಒಂದು ಮಾತು ಹಿಡಿಸುತ್ತಿರಲಿಲ್ಲವೇ?

ನಿನ್ನ ಗಂಟನ್ನು ತಗಡಿನ ಪೆಟ್ಟಿಗೆಯ ತಳಕ್ಕೆ ಹಾಕಿದ್ದೇನೆ. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನನಗೆ ಬೇಬೆ ಇದ್ದಾಳೆ, ಅಲ್ಲಾಹ್ ಇದ್ದಾನೆ. ಇನ್ನು ಕಾಗದ ಬರೆಯಬೇಡ.

ಜೈತೂನ್

•

ಥಲೋಡಿ
4 ಜುಲೈ 2012

ಅತ್ತಿಗೆ,

ಬೈದದ್ದೆಲ್ಲ ತಲುಪಿತು. ಬೈದುಕೋ. ಆದರೆ ಇಪ್ಪತ್ತೇಳು ಕಳೆದು ಒಂದು ವಾರವಾಯಿತು. ಹೆಣ್ಣೋ ಗಂಡೋ? ನೀನು ಹೇಗಿದ್ದೀಯ? ಸಹಿ ಹಾಕದೆ ಖಾಲಿ ಕಾಗದವನ್ನೇ ಬೋಧರಾಜನ ಕೈಗೆ ಕೊಡು. ಮಡಿಸಿದ ರೀತಿಯಲ್ಲೇ ನೀನೆಂದು ಗುರುತು ಹಿಡಿಯುತ್ತೇನೆ.

ಹನೀಫಾ

•

ಥಲೋಡಿ
13 ಜುಲೈ 2012

ಅತ್ತಿಗೆ,

ಬೋಧರಾಜ ಬರಿಗೈಯಲ್ಲಿ ಬಂದ. "ಢೋಕ್‌ವರೆಗೂ ಹತ್ತಿಲ್ಲ ಮಗಳೇ, ಮೊಣಕಾಲು ನೋವು, ದಾರಿಯಲ್ಲೇ ಕಲಾಡಿ ತಗೊಂಡು ಇಳಿದೆ" ಎಂದ. ನಿಜ ಹೇಳುತ್ತಿದ್ದಾನೋ, ಕೆಟ್ಟ ಸುದ್ದಿ ಬಾಯಿಂದ ಬಾರದೆ ಹಾಗೆಂದನೋ ಗೊತ್ತಾಗಲಿಲ್ಲ. ದಿನ ತುಂಬಿ ಹದಿನಾರು ದಿನ ಮೀರಿದೆ. ನಾನು ನರ್ಸು, ಇದರ ಅರ್ಥ ನನಗೆ ಗೊತ್ತು. ಗೊತ್ತಿರುವುದೇ ಹೆಚ್ಚಿನ ಶಿಕ್ಷೆ.

ನೀನು ಬದುಕಿದ್ದೀಯ ಎಂದುಕೊಂಡೇ ಬರೆಯುತ್ತಿದ್ದೇನೆ. ರಜೆಯ ಮಾತು ಸುಳ್ಳು. ನಾನೂ ಬಸುರಿ ಜೈತೂನ್. ಆರು ವರ್ಷದ ಮೇಲೆ. ಜೂನ್ ಹತ್ತರಂದು, ಗಂಟು ಕಟ್ಟಿ ಹೊರಡುವ ಸಿದ್ಧತೆಯಲ್ಲಿದ್ದಾಗ ರಕ್ತ ಕಂಡಿತು. ಡಾಕ್ಟರಮ್ಮ ಮಂಚ ಬಿಟ್ಟು ಇಳಿಯಕೂಡದು ಎಂದರು. ಆ ಕಾಗದವನ್ನು ಮಲಗಿಕೊಂಡೇ ಬರೆದದ್ದು, ಹಾಳೆ ಖಾಲಿ ಉಳಿದದ್ದು ಅದಕ್ಕೇ. ನಿನಗೂ ಹೇಳಲಿಲ್ಲ, ಬೇಬೆಗೂ ಇಲ್ಲ. ಹೇಳಿದರೆ ಹೋಗಿಬಿಡುತ್ತದೆ ಎನ್ನುವ ಹೆದರಿಕೆ. ಕಣ್ಣು ಬೀಳುತ್ತದೆ ಎಂದು ನೀನು ಶಾಲು ಹೊದ್ದದ್ದಕ್ಕೆ ನಕ್ಕಿದ್ದೆನಲ್ಲ, ಬಿಳಿ ಕೋಟಿನೊಳಗೂ ಅದೇ ಗುಜ್ಜರ್ ಹೆಂಗಸು ಇದ್ದಾಳೆ.

ಈಗ ರಕ್ತ ನಿಂತಿದೆ. ಆದರೂ ಬೆಟ್ಟ ಹತ್ತಲಾರೆ. ನಿನ್ನ ಅಣ್ಣ ಹಾಲಿನ ಕ್ಯಾನುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, "ನಾನೇ ನೋಡ್ಕೊಂಡ್ ಬರ್ತೀನಿ" ಎಂದು ಹೊರಟಿದ್ದಾರೆ. ಈ ಕಾಗದ ಅವರ ಜೇಬಿನಲ್ಲಿದೆ. ಅವರ ಕೈಯಲ್ಲಿ ಏನಾದರೂ ಹೇಳಿಕಳಿಸು. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ.

ಹನೀಫಾ

•

ಕಾಲಾಪತ್ಥರ್ ಢೋಕ್
19 ಜುಲೈ 2012

ನನ್ನ ಹನೀಫಾ,

ನಿನ್ನ ಗಂಡ ನಿನ್ನೆ ಮಧ್ಯಾಹ್ನ ಬಂದು ಮುಟ್ಟಿದ. ನಾನು ಮನೆ ಮುಂದೆ ಮಜ್ಜಿಗೆ ಕಡೆಯುತ್ತಿದ್ದೆ. ನನ್ನ ಮುಖ ನೋಡಿದ, ಹೊಟ್ಟೆ ನೋಡಿದ, ನಿಂತಲ್ಲೇ ಕುಸಿದು ಕೂತ.

"ಏನೋ ಅಣ್ಣಾ, ಸಗಣಿ ಮೇಲೆ ಕೂತಿದೀಯ!"

"ಇರ್ಲಿ ಬಿಡೇ. ನೀನಿದೀಯಲ್ಲ" ಎಂದವನೇ ಟೋಪಿಯಿಂದ ಮುಖ ಮುಚ್ಚಿಕೊಂಡು ಅತ್ತ. ನಾಲ್ಕು ದಿನದ ದಾರಿಯುದ್ದಕ್ಕೂ ನನ್ನ ಮಣ್ಣಿಗೆ ಬಂದವನಂತೆ ನಡೆದಿದ್ದಾನೆ.

ನಾನಿನ್ನೂ ಹೆತ್ತಿಲ್ಲ ಅತ್ತಿಗೆ. ದಿನವೇ ತುಂಬಿರಲಿಲ್ಲ! ಹೋದ ವರ್ಷ ನಾವು ಸೇತುವೆ ಪಡಾವಿಗೆ ಬಂದಾಗ ಹೊಳೆ ಬಂದು ಸೇತುವೆ ಕೊಚ್ಚಿಹೋಗಿತ್ತು. ಹೊಸ ಹಲಗೆ ಹಾಕುವವರೆಗೆ ಇಪ್ಪತ್ತಮೂರು ದಿನ ಈ ದಡದಲ್ಲೇ ಕೂತಿದ್ದೆವು. ನಾನು ಮುಟ್ಟಾದದ್ದು ಹೊರಡುವ ಹಿಂದಿನ ದಿನ. ಒಂದು ರಾತ್ರಿಯ ಪಡಾವು ಎಂದು ನೀನು ಮೊದಲ ದಿನದಿಂದ ಎಣಿಸಿದೆ. ಇಡೀ ಡೇರೆಗೆ ಗೊತ್ತಿದ್ದದ್ದು ನಿನಗೂ ಗೊತ್ತಿರುತ್ತದೆ ಎಂದು ನಾನು ಹೇಳಲೇ ಇಲ್ಲ.

ಕಾಸಿಮಣ್ಣ ಕೂತ ಕಡೆಯಿಂದ ಏಳುವುದರೊಳಗೆ ಬೇಬೆ ಶುರುಮಾಡಿದಳು. "ಅವಳ ಕ್ಯಾಲೆಂಡರಿಗೆ ಸೇತುವೆ ಮುರಿದಿದ್ದು ಹೆಂಗ್ ಗೊತ್ತಾಗ್ಬೇಕು? ನಮ್ಮ ನೀಲಿಗೆ ಗೊತ್ತಿತ್ತು. ಎಮ್ಮೆ ಗೆದ್ದಿತು, ನರ್ಸಮ್ಮ ಸೋತಳು!" ಅಲಫ್ ದೀನ್ ಕೂಡ ನಕ್ಕರು. ಎರಡು ತಿಂಗಳಲ್ಲಿ ಮೊದಲ ಸಲ.

ಈಗ ಒಂದು ತಪ್ಪೊಪ್ಪಿಗೆ. ಇಪ್ಪತ್ತೇಳು ಕಳೆದ ಮೇಲೆ ಬೇಬೆ ಕೂರಿಸಿಕೊಂಡು ಈ ಲೆಕ್ಕ ಬಿಡಿಸಿ ಹೇಳಿದ್ದಳು. ಬಿಸ್ಕತ್ತು ತರಲು ಇಳಿದವರ ಕೈಯಲ್ಲಿ ಎರಡು ಸಾಲು ಕಳಿಸಬಹುದಿತ್ತು. ಬೇಕೆಂದೇ ಕಳಿಸಲಿಲ್ಲ. ಮೇಡಂ ಸ್ವಲ್ಪ ಒದ್ದಾಡಲಿ ಎಂದುಕೊಂಡೆ. ನೀನು ಮಂಚದ ಮೇಲೆ ಮಲಗಿ ರಕ್ತ ನಿಲ್ಲಲಿ ಎಂದು ಕಾಯುತ್ತಿದ್ದಾಗ ನಾನು ಇಲ್ಲಿ ಸೇಡು ತೀರಿಸಿಕೊಳ್ಳುತ್ತಿದ್ದೆ. ನನ್ನ ಬಾಯಿಗೆ ಬೆಂಕಿ ಹಾಕ.

ಬೇಬೆಗೆ ನಿನ್ನ ಸುದ್ದಿ ಹೇಳಿದೆ. ಎದ್ದು ಎಮ್ಮೆಗಳ ಹತ್ತಿರ ಹೋದಳು. ಬಹಳ ಹೊತ್ತು ಬರಲಿಲ್ಲ.

ಅಣ್ಣ ನಾಳೆಯೇ ಹೊರಡುತ್ತೇನೆ ಎಂದರೆ ಬೇಬೆ ಬಿಡುತ್ತಿಲ್ಲ. "ಮಗು ನೋಡ್ಕೊಂಡೇ ಹೋಗು" ಎನ್ನುತ್ತಾಳೆ. ಕಾಗದ ಮುಗಿಸದೆ ಇಡುತ್ತೇನೆ.

24 ಜುಲೈ

ಹೆಣ್ಣು ಮಗು. ಮೊನ್ನೆ ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ. ನಾನು ಚೆನ್ನಾಗಿದ್ದೇನೆ. ಮೊದಲು ಇದನ್ನು ಎರಡು ಸಲ ಓದಿಕೋ, ಆಮೇಲೆ ಮುಂದೆ ಓದು.

ಮಗು ಸಲೀಸಾಗಿ ಬಂತು. ಬಂದ ಕೂಡಲೇ ಹೋದ ಸಲದ ಹಾಗೇ ಕಾಲ ಮೇಲೆ ಬಿಸಿಯಾಗಿ ಹರಿಯತೊಡಗಿತು. ಬೇಬೆಯ ಮುಖ ನೋಡಿದೆ. ಅವಳಿಗೂ ಅದೇ ನೆನಪು ಬಂದಿತ್ತು. ಆಗ ನನ್ನ ಹಟವೆಲ್ಲ ಎಲ್ಲಿ ಹೋಯಿತೋ, "ಬೇಬೆ, ತಗಡಿನ ಪೆಟ್ಟಿಗೆ, ತಳದಲ್ಲಿ ಬೆಂಕಿಪೊಟ್ಟಣ, ಹನೀಫಾ ಕಳಿಸಿದ್ದು" ಎಂದೆ. ಬೇಬೆ ಅರ್ಧ ಬಟ್ಟೆ ಹೊರಗೆಸೆದು ಪೊಟ್ಟಣ ಹಿಡಿದು ಬಂದಳು. ಚೀಟಿ ನನ್ನ ಕಣ್ಣೆದುರು ಹಿಡಿದಳು. ಅಕ್ಷರಗಳೆಲ್ಲ ಇರುವೆಗಳ ಹಾಗೆ ಹರಿದಾಡಿದವು. ಈ ಡೇರೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ ಎನ್ನುವುದು ಆಗ ಹೊಳೆಯಿತು. ಅಲ್ಲ, ಇನ್ನೊಬ್ಬ ಇದ್ದ. ಹಲಗೆ ಗೋಡೆಯ ಆಚೆ ಕೂತಿದ್ದ ನಿನ್ನ ಗಂಡ.

ಬೇಬೆ ಹಲಗೆಯ ಸಂದಿನಲ್ಲಿ ಚೀಟಿ ತೂರಿಸಿದಳು. "ಏ ಕಾಸಿಮ್, ಓದೋ!"

ಅಳಿಯನಾದವನು ಅತ್ತೆಯ ಮುಂದೆ ಅಂಥದ್ದನ್ನು ಓದುವುದೆಂದರೇನು? ಅವನು ಗಂಟಲಲ್ಲೇ ಗೊಣಗಿದ.

"ಹೆಣ್ಣು ನೋಡೋಕೆ ಬಂದಿದೀಯೇನೋ ನಾಚ್ಕೊಳ್ಳೋಕೆ? ಗಟ್ಟಿಯಾಗಿ ಓದು!"

ಆಗ ಬೆಟ್ಟವೇ ಕೇಳುವ ಹಾಗೆ ಓದಿದ ನೋಡು. "ಮಗು ಹೊರಗೆ ಬಂದ ಮೇಲೆ, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲವೆಂದು ಖಾತ್ರಿಯಾದ ಮೇಲೆ ಮಾತ್ರ, ಮೂರೂ ಮಾತ್ರೆ ಒಟ್ಟಿಗೆ ನುಂಗಿಸಬೇಕು. ಮೈ ನಡುಗುತ್ತದೆ, ಹೆದರಬೇಡಿ." ಬೇಬೆ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, "ಇನ್ನೊಂದಿಲ್ಲ" ಎಂದು ಮಾತ್ರೆ ನುಂಗಿಸಿದಳು. ಮಾಸು ಬಿತ್ತು. ಮೈ ನಡುಗಿತು, ಹಲ್ಲು ಕಟಕಟ ಎಂದಿತು. "ನಡುಗ್ತಾಳೆ ಅಂತ ಬರೆದಿದೆಯಲ್ಲಾ, ನಿಜವಾಗ್ಲೂ ಬರೆದಿದೆಯಲ್ಲಾ?" ಎಂದು ಬೇಬೆ ಮೂರು ಸಲ ಕೇಳಿದಳು. ಮೂರು ಸಲವೂ ಅಣ್ಣ ಅದೇ ಸಾಲನ್ನು ಕೂಗಿ ಓದಿದ. ಹಾಗೆ ಕೂಗುತ್ತಿರುವಾಗಲೇ ರಕ್ತ ಕಡಿಮೆಯಾಗುತ್ತಾ ಬಂತು. ಆಮೇಲೆ ನಿಂತಿತು.

ಅತ್ತಿಗೆ, ನೀನು ಸರಿಯಾಗಿ ಎಣಿಸಿದ್ದರೆ ಅಣ್ಣ ಇಲ್ಲಿಗೆ ಓಡಿಬರುತ್ತಲೇ ಇರಲಿಲ್ಲ. ಚೀಟಿ ಓದುವವರು ಇರುತ್ತಿರಲಿಲ್ಲ. ನಿನ್ನ ತಪ್ಪನ್ನು ಕ್ಷಮಿಸಿದ್ದೇನೆ. ನನ್ನದನ್ನು ನೀನು ಕ್ಷಮಿಸು.

ಅಣ್ಣನ ಗಂಟಲು ಕಟ್ಟಿದೆ. ಶುಂಠಿ ಕಷಾಯ ಮಾಡಿಕೊಡು. ಅಂದಹಾಗೆ, ನಾನು ಬೆಟ್ಟ ನಡೆದು ಹತ್ತಿದೆ ಎಂದದ್ದೂ ಸುಳ್ಳು. ಕಾಲು ಊದಿತ್ತು, ಅರ್ಧ ದಾರಿ ಕುದುರೆಯ ಮೇಲೆ ಬಂದೆ. ಈಗ ಊತ ಇಳಿದಿದೆ.

ನಿನ್ನ ಜೈತೂನ್

•

ಥಲೋಡಿ
2 ಆಗಸ್ಟ್ 2012

ಜೈತೂನ್,

ಹೋದ ಜೀವ ಬಂತು. "ನಾನು ಚೆನ್ನಾಗಿದ್ದೇನೆ" ಎನ್ನುವುದನ್ನು ಎರಡಲ್ಲ, ಇಪ್ಪತ್ತು ಸಲ ಓದಿದೆ. ನಿನ್ನ ಅಣ್ಣ ಬಾಗಿಲಲ್ಲಿ ನಿಂತು ಕಪ್ಪೆಯ ದನಿಯಲ್ಲಿ "ಹೆಣ್ಣು... ಹೆಣ್ಣು..." ಎಂದರು, ಪಕ್ಕದ ಮನೆಯವಳು ದೆವ್ವ ಬಂತೆಂದು ಓಡಿದಳು.

ನನ್ನ ಹೊಟ್ಟೆಯದೂ ಗಟ್ಟಿಯಾಗಿದೆ. ಯಂತ್ರದಲ್ಲಿ ಎದೆಬಡಿತ ಕೇಳಿಸಿದರು. ಡಾಕ್ಟರಮ್ಮ ಓಡಾಡಬಹುದು ಎಂದಿದ್ದಾರೆ.

ಇದನ್ನು ಬೇಬೆಗೆ ಓದಿ ಹೇಳು, ಗಟ್ಟಿಯಾಗಿ, ಹೆಂಗಸರೆಲ್ಲ ಇರುವಾಗ. ಬೇಬೆ, ಅವತ್ತು ಹತ್ತು ಜನರ ಮುಂದೆ ಆಡಿದ ಮಾತನ್ನು ಹತ್ತು ಜನರ ಮುಂದೆಯೇ ವಾಪಸ್ ತೆಗೆದುಕೊಳ್ಳುತ್ತೇನೆ. ದಿನ ಎಣಿಸಲು ಇನ್ನು ಮುಂದೆ ನಿನ್ನನ್ನೇ ಕೇಳುತ್ತೇನೆ. ಏಪ್ರಿಲ್ ಎಂಟಕ್ಕೆ ನನ್ನ ಕೊನೆಯ ಮುಟ್ಟು. ಪಡಾವುಗಳಿಲ್ಲದ ಊರಿನಲ್ಲಿ ಕೂತಿದ್ದೇನೆ, ನನ್ನ ಲೆಕ್ಕದ ಮೇಲೆ ನನಗೇ ಈಗ ನಂಬಿಕೆ ಇಲ್ಲ.

ಹನೀಫಾ

•

ಕಾಲಾಪತ್ಥರ್ ಢೋಕ್
18 ಆಗಸ್ಟ್ 2012

ಹನೀಫಾ ಅತ್ತಿಗೆಗೆ,

ಗಟ್ಟಿಯಾಗಿ ಓದಿದೆ. ಹತ್ತಲ್ಲ, ಹದಿನಾಲ್ಕು ಹೆಂಗಸರಿದ್ದರು. ಬೇಬೆ ಕಲಾಡಿ ತಟ್ಟುತ್ತಲೇ ಇದ್ದಳು. ನೀಲಿ ಹನ್ನೊಂದಕ್ಕೆ ಕರು ಹಾಕಿತು, ಮಗು ಹುಟ್ಟಿ ಸರಿಯಾಗಿ ಇಪ್ಪತ್ತು ದಿನಕ್ಕೆ. ಅವತ್ತಿನಿಂದ ಬೇಬೆಯನ್ನು ಹಿಡಿಯುವವರೇ ಇಲ್ಲ.

ಇವತ್ತು ಅವಳೇ ನನ್ನ ಮುಂದೆ ಕೂತು, "ಬರ್ಕೋ, ನಾನು ಹೇಳಿದ್ದನ್ನೇ ಬರಿ, ನಿನ್ನ ಬಣ್ಣ ಹಚ್ಬೇಡ" ಎಂದಳು. ಅವಳು ಹೇಳಿದ್ದು ಇಷ್ಟು:

"ಹನೀಫಾ, ನಿನ್ನ ಮಾತು ವಾಪಸ್ ತಗೊಳ್ಳೋದು ಬೇಡ ಕಣೇ. ಎರಡು ವರ್ಷ ಅದನ್ನ ನಾನೇ ನನಗೆ ಹೇಳ್ಕೊಂಡಿದೀನಿ. ಮೊನ್ನೆ ಮಗು ಹಿಡಿದಿದ್ದೂ ಇದೇ ಕೈಯೇ. ಅವತ್ತಿನ ಕೈಗೂ ಇವತ್ತಿನ ಕೈಗೂ ಏನೂ ಫರಕ್ಕಿಲ್ಲ. ಅವತ್ತು ನನ್ನ ಹತ್ರ ಆ ಬೆಂಕಿಪೊಟ್ಟಣ ಇರ್ಲಿಲ್ಲ, ಅಷ್ಟೇ.

"ಸುತ್ತಲ ಢೋಕ್‌ಗಳಲ್ಲಿ ಐದು ಜನ ಬಸುರಿಯರಿದಾರೆ. ದಿನ ನಾನು ಎಣಿಸ್ತೀನಿ, ನೀನು ಮೂಗು ತೂರಿಸ್ಬೇಡ. ಐದು ಪೊಟ್ಟಣ ಕಳಿಸು. ಚೀಟಿ ಬೇಡ, ಅದು ನನಗೆ ಬಾಯಿಪಾಠ ಆಗಿದೆ.

"ನಿಂದು ಏಪ್ರಿಲ್ ಎಂಟು ಅಂದ್ಯಲ್ಲ. ಅವತ್ತು ನಾವು ಕೆಳಗೇ ಇದ್ವಿ, ಕುದುರೆಗಳಿಗೆ ಲಾಳ ಹೊಡಿಸ್ತಿದ್ವಿ. ನಿನಗೆ ಗಟ್ಟಿ ಚಳಿಯಲ್ಲಿ ದಿನ ತುಂಬತ್ತೆ. ಆಗ ಡೇರೆ ಕೆಳಗಿರತ್ತೆ. ನಿನ್ನ ಆಸ್ಪತ್ರೆ ಕೆಲಸ ಶುರುವಾದ್ಮೇಲೆ ನಾನು ನಿಮ್ಮನೆ ಹೊಸ್ತಿಲು ತುಳಿದಿಲ್ಲ. ಈ ಸಲ ತುಳೀತೀನಿ. ಹೆರಿಗೆಗೆ ನೀನು ಆಸ್ಪತ್ರೆಗೇ ಹೋಗು, ನಿನ್ನ ಡಾಕ್ಟರಮ್ಮನೇ ಮಾಡ್ಲಿ. ನಾನು ಬಾಗಿಲ ಹತ್ರ ಕೂತಿರ್ತೀನಿ. ಆ ಕುರ್ಚಿ ಒಂದು ಹಾಕಿಸಿಡು."

ಇಷ್ಟು ಹೇಳಿ ಎದ್ದು ಹೋಗಿ ಒಳಗಿದ್ದ ಆ ಕಂಬಳಿಯನ್ನು ತಂದು ಮತ್ತೆ ಬಿಸಿಲಿಗೆ ಹಾಕಿದಳು. ಚಳಿಗಾಲಕ್ಕೆ ಇನ್ನೂ ನಾಲ್ಕು ತಿಂಗಳಿದೆ ಬೇಬೆ ಎಂದೆ. "ಎಣಿಸೋದು ನನ್ನ ಕೆಲ್ಸ" ಎಂದಳು.

ಜೈತೂನ್